ಶಾಲೆಯಿತ್ತು, ಹಾಗಿದ್ದರೆ ಅನ್ಯಾಯ ಎಲ್ಲಿ ನಡೆಯಿತು?

ಪ್ರಶ್ನೆ: ಇತಿಹಾಸ ಉಪನ್ಯಾಸಕಿ, ತೀರ್ಥಹಳ್ಳಿ

ದಕ್ಷಿಣ ಆಫ್ರಿಕಾದ ವರ್ಣಭೇದ ನೀತಿಯ ಬಗ್ಗೆ ಪಾಠ ಮಾಡುವಾಗ ಪಿಯುಸಿ ವಿದ್ಯಾರ್ಥಿನಿಯೊಬ್ಬಳು, "ಕಪ್ಪು ಜನರ ಮಕ್ಕಳಿಗೂ ಶಾಲೆಗಳಿದ್ದವಲ್ಲ, ಮತ್ತೆ ಅನ್ಯಾಯ ಎಲ್ಲಿ?" ಎಂದು ಕೇಳಿದಳು. ದ್ವೇಷದ ಮಾತುಗಳನ್ನು ಉದಾಹರಿಸಿ ಮುಗಿಸಲು ನನಗೆ ಮನಸ್ಸಿಲ್ಲ. ಜನಾಂಗದ ಮೇಲುಕೀಳಿನ ನಂಬಿಕೆಯೊಂದು ಸರ್ಕಾರದ ಆದೇಶವಾಗಿ, ಕೊನೆಗೆ ಒಂದು ಮಗುವಿನ ಭವಿಷ್ಯವನ್ನೇ ನಿರ್ಧರಿಸುವುದು ಹೇಗೆಂದು ತಿಳಿದವರು ವಿವರಿಸಬೇಕೆಂದು ಕೋರುತ್ತೇನೆ.

ಉತ್ತರ: ನಿವೃತ್ತ ಮುಖ್ಯೋಪಾಧ್ಯಾಯ, ಸಾಗರ

ಮೇಡಂ, ಹಣದ ಲೆಕ್ಕದಿಂದ ಆರಂಭಿಸಿ. 1953ರ ಬಾಂಟು ಶಿಕ್ಷಣ ಕಾಯ್ದೆಯ ಬಳಿಕ ಕಪ್ಪು ಮಕ್ಕಳ ಶಾಲೆಗಳು ಕೇಂದ್ರ ಸರ್ಕಾರದ ಹಿಡಿತಕ್ಕೆ ಬಂದವು. ಮಿಷನರಿ ಶಾಲೆಗಳ ಅನುದಾನ ನಿಂತಿತು. ಸರ್ಕಾರ ಕೊಡುವ ಮೊತ್ತವನ್ನು ನಿಗದಿಗೊಳಿಸಿ, ಉಳಿದ ಖರ್ಚನ್ನು ಬಹುಮಟ್ಟಿಗೆ ಕಪ್ಪು ಜನರೇ ಕಟ್ಟುವ ತೆರಿಗೆಗೆ ಜೋಡಿಸಿದ್ದರಿಂದ, ಮಕ್ಕಳ ಸಂಖ್ಯೆ ಏರಿದಂತೆಲ್ಲ ತಲೆಗೆ ಸಿಗುವ ಹಣ ಇಳಿಯಿತು. ಬಿಳಿಯರ ಸಮಾಜದಲ್ಲಿ ಕೆಲವು ಬಗೆಯ ದುಡಿಮೆಗಿಂತ ಮೇಲೆ ಕಪ್ಪು ಜನರಿಗೆ ಜಾಗವಿಲ್ಲವೆಂದು ಸಚಿವ ಫರ್ವೂರ್ಟ್ 1954ರಲ್ಲಿ ಸೆನೆಟ್ಟಿನಲ್ಲೇ ಹೇಳಿದ್ದರು. 1959ರಲ್ಲಿ ವಿಶ್ವವಿದ್ಯಾಲಯಗಳೂ ಜನಾಂಗವಾರು ಬೇರ್ಪಟ್ಟವು. ಗಣಿತ, ಸಮಾಜ ಪಾಠಗಳನ್ನು ಆಳುವ ಬಿಳಿಯರ ಆಫ್ರಿಕಾನ್ಸ್ ಭಾಷೆಯಲ್ಲಿ ಕಲಿಯಬೇಕೆಂಬ ಆದೇಶದ ವಿರುದ್ಧ 1976ರ ಜೂನ್ 16ರಂದು ಜೋಹಾನ್ಸ್‌ಬರ್ಗ್ ಬಳಿಯ ಕಪ್ಪು ಜನರ ಬಡಾವಣೆ ಸೊವೆಟೊದ ಮಕ್ಕಳು ಬೀದಿಗಿಳಿದಾಗ ಪೊಲೀಸರು ಗುಂಡು ಹಾರಿಸಿದರು. ಶಾಲೆಯೇನೋ ಇತ್ತು, ಅದರಲ್ಲಿ ಓದಿದವರು ಎಲ್ಲಿಯವರೆಗೆ ಹೋಗಬಹುದೆಂಬುದು ಮೊದಲೇ ತೀರ್ಮಾನವಾಗಿತ್ತು.

ಉತ್ತರ: ಸಂಶೋಧನಾ ವಿದ್ಯಾರ್ಥಿ, ಶಂಕರಘಟ್ಟ

ಪರೀಕ್ಷೆಗಳನ್ನೂ ಗಮನಿಸಬೇಕು, ಏಕೆಂದರೆ ಅಲ್ಲಿ ಇದೇ ನಂಬಿಕೆ ವಿಜ್ಞಾನದ ವೇಷದಲ್ಲಿ ಬರುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ಬ್ರಿಗಮ್ ಸೈನಿಕರ ಬುದ್ಧಿಮಾಪನದ ಅಂಕಗಳನ್ನು ಆಧಾರವಾಗಿಟ್ಟುಕೊಂಡು, ಉತ್ತರ ಯುರೋಪಿನ ಜನಾಂಗವೇ ಶ್ರೇಷ್ಠವೆಂದು 1923ರಲ್ಲಿ ವಾದಿಸಿದರು. ಕಾಲೇಜು ಪ್ರವೇಶದ ಎಸ್‌ಎಟಿ ಪರೀಕ್ಷೆಯನ್ನು 1926ರಲ್ಲಿ ರೂಪಿಸಿದವರೂ ಅವರೇ. 1930ರಲ್ಲಿ ಅವರು ತಮ್ಮ ಆ ತೀರ್ಮಾನವನ್ನು ಹಿಂತೆಗೆದುಕೊಂಡರು, ಆದರೆ ಪರೀಕ್ಷೆ ಉಳಿದು ಬೆಳೆಯಿತು. ನನಗೆ ಇದು ಬಹಳ ಕಳವಳದ ಸಂಗತಿ.

ಉತ್ತರ: ಪ್ರೌಢಶಾಲಾ ಶಿಕ್ಷಕಿ, ಹೊಸನಗರ

ಜಾತಿಯೂ ಜನಾಂಗವೂ ಒಂದೇ ಅಲ್ಲ, ಇದನ್ನು ಮಕ್ಕಳಿಗೆ ಸ್ಪಷ್ಟವಾಗಿ ಹೇಳಿ. ಆದರೆ ಹುಟ್ಟಿನಿಂದ ಯೋಗ್ಯತೆಯನ್ನು ಅಳೆಯುವ ರೂಢಿ ನಮ್ಮಲ್ಲೂ ಇತ್ತು. ಅದರ ಫಲವನ್ನು ಸರಿಪಡಿಸಲೆಂದೇ ನಾಲ್ವಡಿ ಕೃಷ್ಣರಾಜ ಒಡೆಯರ ಸರ್ಕಾರ 1918ರಲ್ಲಿ ಮಿಲ್ಲರ್ ಸಮಿತಿಯನ್ನು ನೇಮಿಸಿ, ಹಿಂದುಳಿದವರ ಉನ್ನತ ಶಿಕ್ಷಣಕ್ಕೆ ವಿಶೇಷ ಸೌಲಭ್ಯ ಬೇಕೇ ಎಂದು ಪರಿಶೀಲಿಸಲು ತಿಳಿಸಿತ್ತು. ಆಫ್ರಿಕಾ ಮೂಲದ ಸಿದ್ದಿಗಳು ಪಕ್ಕದ ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರದ ಕಾಡಿನಲ್ಲೇ ಇದ್ದರೂ, ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ಸಿದ್ದಿಗಳ, ನಮ್ಮ ಮಲೆನಾಡಿನ ಬುಡಕಟ್ಟಿನವರಾದ ಹಸಲರ ಮನೆಯ ಮಕ್ಕಳು ಎಸ್ಸೆಸ್ಸೆಲ್ಸಿ ಮುಗಿಸಿದ ಮೇಲೆ ಎಲ್ಲಿಗೆ ಹೋಗುತ್ತಾರೆ, ವಿಜ್ಞಾನ ವಿಭಾಗದವರೆಗೆ ಯಾರು ತಲುಪುತ್ತಾರೆ ಎಂಬುದನ್ನು ನಿಮ್ಮ ವಿದ್ಯಾರ್ಥಿಗಳೇ ವಿಚಾರಿಸಿಕೊಂಡು ಬರಲಿ.