ಸಹಾಯ ಬೇಕು: ಇಂಗ್ಲೆಂಡಿನ ಲೇಕ್ ಡಿಸ್ಟ್ರಿಕ್ಟ್‌ನಲ್ಲಿ ಅಪ್ಪ ಅಮ್ಮನಿಗೆ ಭಾನುವಾರದ ಊಟ

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ಅಪ್ಪ ಅಮ್ಮ ಶಿವಮೊಗ್ಗದಿಂದ ಬರುತ್ತಿದ್ದಾರೆ. ವಿಂಡರ್‌ಮಿಯರ್, ಆಂಬಲ್‌ಸೈಡ್ ಸುತ್ತಮುತ್ತ ಇರುತ್ತೇವೆ. ಒಂದು ಭಾನುವಾರ ಹಳೆಯ ಪಬ್‌ನಲ್ಲೋ ಹೋಟೆಲಿನ ರೆಸ್ಟೋರೆಂಟ್‌ನಲ್ಲೋ ಅವರಿಗೆ ನೆಮ್ಮದಿಯಾಗಿ ಊಟ ಮಾಡಿಸಬೇಕೆಂಬುದು ನನ್ನ ಬಹಳ ದಿನಗಳ ಆಸೆ.

ಅಮ್ಮ ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಭಾನುವಾರದ ರೋಸ್ಟ್ ಊಟದ ಜೊತೆ ಬಡಿಸುವ, ಹಿಟ್ಟಿನಿಂದ ಬೇಯಿಸಿದ ಯಾರ್ಕ್‌ಷೈರ್ ಪುಡಿಂಗ್‌ಗೆ ಮೊಟ್ಟೆ ಬೇಕೇ ಬೇಕು, ಅದನ್ನು ಬಿಟ್ಟರಾಯಿತು. ಆದರೆ ಕೆಲವು ಕಡೆ ಚಿಪ್ಸ್ ಮತ್ತು ರೋಸ್ಟ್ ಆಲೂಗಡ್ಡೆಯನ್ನು ದನದ ಕೊಬ್ಬಿನಲ್ಲಿ ಮಾಡುತ್ತಾರೆ, ಗ್ರೇವಿಯಂತೂ ಸಾಮಾನ್ಯವಾಗಿ ಮಾಂಸದ ರಸದ್ದೇ. ಕಾನೂನಿನ ಪ್ರಕಾರ ತಿಳಿಸಲೇಬೇಕಾದ 14 ಅಲರ್ಜಿಕಾರಕಗಳಲ್ಲಿ ಮೊಟ್ಟೆ, ಮೀನು ಇವೆ. ದನದ ಕೊಬ್ಬು ಇಲ್ಲ. ಹಾಗಾಗಿ ಅಲರ್ಜಿ ಪಟ್ಟಿಯನ್ನು ನಂಬಿ ಅಮ್ಮನ ಮುಂದೆ ತಟ್ಟೆ ಇಡಲು ನನಗೆ ಮನಸ್ಸು ಒಪ್ಪುವುದಿಲ್ಲ. ವೀಗನ್ ಊಟ ಹೇಳಿದರೆ ಬೆಣ್ಣೆ, ಕೆನೆಯೂ ತಪ್ಪುತ್ತವೆ. ಅಮ್ಮನಿಗೆ ಅವೆಂದರೆ ಪ್ರಾಣ.

ಸಸ್ಯಾಹಾರಕ್ಕೆ ಬೇರೆಯೇ ಎಣ್ಣೆ, ಬೇರೆಯೇ ಗ್ರೇವಿ ಇಡುವ ಜಾಗದಲ್ಲಿ ನೀವು ಸ್ವತಃ ಊಟ ಮಾಡಿದ್ದರೆ ದಯವಿಟ್ಟು ಹೆಸರು ತಿಳಿಸಿ. ಮಧ್ಯಾಹ್ನ ಅಡುಗೆಮನೆ ಎಷ್ಟು ಹೊತ್ತಿಗೆ ಮುಚ್ಚುತ್ತದೆ, ಒಳಗೆ ಹೋಗಲು ಮೆಟ್ಟಿಲುಗಳಿವೆಯೇ ಎಂಬುದನ್ನೂ ಬರೆಯಿರಿ, ಅಪ್ಪನಿಗೆ ಮಂಡಿನೋವು. ಖರ್ಚು ಸ್ವಲ್ಪ ಹೆಚ್ಚಾದರೂ ಚಿಂತೆಯಿಲ್ಲ.