‘ಕರ್ತರು ನನಗೆ ಹೇಳಿದರು, ಈ ಮಗಳು ಹೋಗಬಾರದು’: ಇದನ್ನು ಹೇಗೆ ಕೇಳಿಸಿಕೊಳ್ಳುವುದು?

ಬೇಳದ ಅಣ್ಣ:
ನಾನು ಮಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ. ಬೇಳದ ಮನೆಯಲ್ಲಿ ಅಮ್ಮ ಮತ್ತು ತಂಗಿ. ತಂಗಿ ನರ್ಸ್, ಕುವೈತಿನಿಂದ ಕೆಲಸದ ಕಾಗದ ಬಂದಿದೆ. ಮೊನ್ನೆ ಒಂದು ಪ್ರಾರ್ಥನಾ ಕೂಟದಲ್ಲಿ ಹಿರಿಯ ಹೆಂಗಸೊಬ್ಬರು ಎಲ್ಲರೆದುರು ಎದ್ದು ನಿಂತು, ‘ಕರ್ತರು ನನ್ನ ಹತ್ತಿರ ಮಾತಾಡಿದರು, ಈ ಮಗಳು ಹೋಗಬಾರದು’ ಎಂದರಂತೆ. ಅವತ್ತಿನಿಂದ ಅವಳಿಗೆ ಸರಿಯಾಗಿ ಊಟ ಸೇರುತ್ತಿಲ್ಲ. ದೇವರು ಹೀಗೆ ಇನ್ನೊಬ್ಬರ ಬಾಯಲ್ಲಿ ಹೇಳಿಸುತ್ತಾರಾ? ನಾವು ಎಂತ ಮಾಡಬೇಕು?

ಉಪ್ಪಳದ ವಿಶ್ವಾಸಿ:
ಹೇಳಿಸುತ್ತಾರೆ, ಸಂಶಯ ಬೇಡ. ಅಪೊಸ್ತಲರ ಕೃತ್ಯಗಳು 11ರಲ್ಲಿ ಅಗಬನೆಂಬ ಪ್ರವಾದಿ ಬರಗಾಲ ಬರುವುದನ್ನು ಮೊದಲೇ ತಿಳಿಸಿದ. ಅಂತಿಯೋಕ್ಯದ ಸಭೆ ಅದನ್ನು ನಂಬಿ ಯೂದಾಯದ ಸಹೋದರರಿಗೆ ನೆರವು ಕಳುಹಿಸಿತು. ಪ್ರವಾದನೆಯನ್ನು ತಾತ್ಸಾರ ಮಾಡಬೇಡಿ ಅಂತ ಪೌಲನೇ ಥೆಸಲೊನೀಕದವರಿಗೆ ಬರೆದಿದ್ದಾನೆ. ನಿಮ್ಮ ತಂಗಿಗೆ ಬಂದ ಮಾತನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ವರ್ಕಾಡಿ ಹುಡುಗ:
ಎಲ್ಲ ಮನಸ್ಸಿನ ಆಟ ಮಾರಾಯ್ರೆ. ಆಕೆಗೆ ಹುಡುಗಿ ಹೋಗುವುದು ಇಷ್ಟವಿಲ್ಲ, ಅದಕ್ಕೆ ದೇವರ ಹೆಸರು ಹಾಕಿದ್ದಾರೆ. ವೀಸಾ ಸಿಕ್ಕಿದರೆ ಹೋಗಲಿ.

ಮಂಜೇಶ್ವರದ ಟೀಚರ್:
ಉಪ್ಪಳದವರೇ, ಪೌಲ ಅಲ್ಲಿಗೇ ನಿಲ್ಲಿಸಲಿಲ್ಲ. ಮುಂದಿನ ಮಾತೇ ‘ಎಲ್ಲವನ್ನೂ ಪರಿಶೋಧಿಸಿ’ ಅಂತ. ಮತ್ತೆ ಅದೇ ಅಗಬ 21ನೇ ಅಧ್ಯಾಯದಲ್ಲಿ ಕೈಸರೈಯಕ್ಕೆ, ಫಿಲಿಪ್ಪನ ಮನೆಗೆ ಬರುತ್ತಾನಲ್ಲ? ಪೌಲನ ನಡುಕಟ್ಟಿನಿಂದ ತನ್ನದೇ ಕೈಕಾಲು ಕಟ್ಟಿಕೊಂಡು, ಈ ನಡುಕಟ್ಟಿನವನನ್ನು ಯೆರೂಸಲೇಮಿನಲ್ಲಿ ಹೀಗೆ ಕಟ್ಟುತ್ತಾರೆ ಎನ್ನುತ್ತಾನೆ. ಹೋಗಬೇಡ ಎನ್ನುವುದಿಲ್ಲ. ಹೋಗಬೇಡ ಅಂತ ಅತ್ತದ್ದು ಸುತ್ತ ನಿಂತ ಪ್ರೀತಿಯ ಜನ. ಪವಿತ್ರಾತ್ಮರ ಮಾತು ಎಲ್ಲಿ ಮುಗಿಯಿತು, ನಮ್ಮ ಭಯ ಎಲ್ಲಿ ಶುರುವಾಯಿತು ಎಂದು ಬಿಡಿಸಿ ನೋಡಬೇಕು.

ಉಪ್ಪಳದ ವಿಶ್ವಾಸಿ:
ಅದಕ್ಕಿಂತ ಮೊದಲು ತೂರಿನ ಶಿಷ್ಯರು? 21:4 ನೋಡಿ. ಅವರು ಆತ್ಮರ ಪ್ರೇರಣೆಯಿಂದಲೇ ಹೋಗಬೇಡ ಅಂದರು.

ಮಂಜೇಶ್ವರದ ಟೀಚರ್:
ಹೌದು, ಅದು ಕಷ್ಟದ ವಚನ, ನಾನು ದಾಟಿಸಿಕೊಂಡು ಹೋಗುವುದಿಲ್ಲ. ಆದರೂ ಪೌಲ ಹೋದ. ಅವನನ್ನು ಯಾರೂ ಅವಿಧೇಯ ಎನ್ನಲಿಲ್ಲ, ಕೊನೆಗೆ ‘ಕರ್ತನ ಚಿತ್ತದಂತೆ ಆಗಲಿ’ ಎಂದು ಸುಮ್ಮನಾದರು. ಇನ್ನು 1 ಅರಸುಗಳು 13 ಓದಿ. ಯೆಹೂದದಿಂದ ಬೇತೇಲಿಗೆ ಬಂದ ದೇವರ ಮನುಷ್ಯನಿಗೆ ಇಲ್ಲಿ ಉಣ್ಣಬೇಡ, ಬಂದ ದಾರಿಯಲ್ಲಿ ಹಿಂದಿರುಗಬೇಡ ಎಂಬ ಅಪ್ಪಣೆ ನೇರವಾಗಿ ಆಗಿತ್ತು. ಒಬ್ಬ ಮುದಿ ಪ್ರವಾದಿ ಬಂದು, ದೇವದೂತ ನನಗೆ ಹೇಳಿದ, ಮನೆಗೆ ಬಾ ಎಂದ. ಅದು ಸುಳ್ಳು. ನಂಬಿ ಹೋಗಿ ಉಂಡವನನ್ನು ದಾರಿಯಲ್ಲಿ ಸಿಂಹ ಕೊಂದಿತು. ಹಿರಿಯರ ಬಾಯಿಂದ ಬಂದದ್ದೆಂಬ ಕಾರಣಕ್ಕೇ ಒಂದು ಮಾತು ದೇವರದ್ದಾಗುವುದಿಲ್ಲ.

ಪೆರ್ಲದ ಪಾಲಿಯೇಟಿವ್:
ವರ್ಕಾಡಿಯವರ ‘ಮನಸ್ಸಿನ ಆಟ’ಕ್ಕೆ ಒಂದು ಮಾತು. ಎಣ್ಮಕಜೆ ಕಡೆ ನಾವು ಹಾಸಿಗೆ ಹಿಡಿದವರ ಆರೈಕೆಗೆ ಮನೆಮನೆಗೆ ಹೋಗುತ್ತೇವೆ. ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಹೊಯ್ದದ್ದು 2000ಕ್ಕೆ ನಿಂತಿತು, ಆಗ ಹಾಸಿಗೆ ಹಿಡಿದು ಮಲಗಿದ ಮಕ್ಕಳು ಈಗ ದೊಡ್ಡವರಾಗಿ ಹಾಗೇ ಮಲಗಿದ್ದಾರೆ. ಒಂದು ಮನೆಯ ಹುಡುಗನಿಗೆ ಮಾತಿಲ್ಲ. ಗಂಟಲಿನಿಂದ ಒಂದು ಸ್ವರ ಬರುತ್ತದೆ, ನನಗೆ ಯಾವಾಗಲೂ ಒಂದೇ ಥರ ಕೇಳಿಸುತ್ತಿತ್ತು. ಅಮ್ಮ ಒಲೆಯ ಹತ್ತಿರ ಇದ್ದುಕೊಂಡೇ, ‘ಇದು ಹಸಿವಲ್ಲ, ಬೆನ್ನು ನೋಯುತ್ತಿದೆ, ಮಗ್ಗುಲು ತಿರುಗಿಸಿ’ ಅಂದರು. ತಿರುಗಿಸಿ ನೋಡಿದರೆ ಚರ್ಮ ಕೆಂಪಾಗಿತ್ತು. ಅದು ಊಹೆಯಲ್ಲ, ವರ್ಷಗಟ್ಟಲೆ ಅವನ ಹತ್ತಿರವೇ ಇದ್ದದ್ದರಿಂದ ಬಂದ ಕಿವಿ. ‘ನನ್ನ ಕುರಿಗಳು ನನ್ನ ಸ್ವರವನ್ನು ಕೇಳುತ್ತವೆ’ ಎಂದು ಯೇಸು ಹೇಳಿದ್ದನ್ನು ನಾನು ಅಲ್ಲಿಂದ ಮೇಲೆ ಹಾಗೇ ಓದುತ್ತೇನೆ.

ವರ್ಕಾಡಿ ಹುಡುಗ:
ಸರಿ, ಅದನ್ನು ಒಪ್ಪುತ್ತೇನೆ. ಆದರೆ ಆ ಅಮ್ಮನಿಗೆ ಕೆಂಪಾದ ಚರ್ಮ ಸಾಕ್ಷಿ ಉಂಟು. ಇಲ್ಲಿ ಸಾಕ್ಷಿ ಎಂತ?

ಕಯ್ಯಾರಿನ ನಿವೃತ್ತ ಧರ್ಮೋಪದೇಶಕ:
ಒಳ್ಳೆಯ ಪ್ರಶ್ನೆ. ಯೇಸುಸಭೆಯನ್ನು ಸ್ಥಾಪಿಸಿದ ಸಂತ ಇಗ್ನೇಷಿಯಸರು ಹಿಡಿದದ್ದು ಇದನ್ನೇ. 1521ರಲ್ಲಿ ಸ್ಪೇನಿನ ಪಾಂಪ್ಲೋನಾದ ಯುದ್ಧದಲ್ಲಿ ಫಿರಂಗಿ ಗುಂಡಿಗೆ ಕಾಲು ಮುರಿದು ಲೊಯೋಲದ ಮನೆಯಲ್ಲಿ ಮಲಗಿದ್ದಾಗ ಎರಡು ಬಗೆಯ ಯೋಚನೆ ಬರುತ್ತಿದ್ದವು. ಶೌರ್ಯದ ಕನಸು ಬರುವಾಗ ಸಿಹಿ, ಹೋದ ಮೇಲೆ ಒಣಗಿದ ಮನಸ್ಸು. ಸಂತರಂತೆ ಬಾಳುವ ಯೋಚನೆ ಹೋದ ಮೇಲೂ ಸಂತೋಷ ಉಳಿಯುತ್ತಿತ್ತು. ಹಿಂದೆ ಏನು ಉಳಿಯುತ್ತದೆ ಎಂಬುದನ್ನು ನೋಡುವ ಅಭ್ಯಾಸ ಅಲ್ಲಿಂದ. ಅವರು ಕೊಟ್ಟ ನಿಯಮ ನಿಮ್ಮ ಮನೆಗೆ ಈಗ ಬೇಕು: ಮನಸ್ಸು ಕತ್ತಲಲ್ಲಿರುವಾಗ ಮೊದಲು ಮಾಡಿದ ತೀರ್ಮಾನವನ್ನು ಬದಲಿಸಬಾರದು. ಊಟ ಸೇರದ ವಾರದಲ್ಲಿ ಕುವೈತಿಗೆ ಇಲ್ಲ ಎಂದು ಬರೆಯಬೇಡಿ. ಫಾದರ್ ಹತ್ತಿರ, ವಾಳೆಯ (ಚರ್ಚಿನ ವಾರ್ಡಿನ) ಮುಖ್ಯಸ್ಥರಾದ ಗುರ್ಕಾರರ ಹತ್ತಿರ ಮಾತಾಡಲಿ.

ಮಂಜೇಶ್ವರದ ಟೀಚರ್:
ಇದರ ಜೊತೆ ಒಂದೇ ವಚನಭಾಗದ ಮುಂದೆ ಕೂರುವ ಅಭ್ಯಾಸ ಇರಲಿ. ಜರ್ಮನಿಯ ಪಾದ್ರಿ ಬೋನ್‌ಹೋಫರ್ ಫಿಂಕನ್‌ವಾಲ್ಡೆಯ ಪಾದ್ರಿ-ತರಬೇತಿ ಶಾಲೆಯ ತಮ್ಮ ವಿದ್ಯಾರ್ಥಿಗಳನ್ನು ಬೆಳಿಗ್ಗೆ ಅರ್ಧ ಗಂಟೆ, ವಾರವಿಡೀ ಅದೇ ಭಾಗದ ಮುಂದೆ ಮೌನವಾಗಿ ಕೂರಿಸುತ್ತಿದ್ದರು. ಹೊಸದೇನೂ ಹೊಳೆಯಲಿಲ್ಲ ಎಂದು ಹುಡುಗರು ಗೊಣಗಿದರೂ ಬಿಡಲಿಲ್ಲ. 1937ರಲ್ಲಿ ನಾಜಿಗಳ ಗುಪ್ತ ಪೊಲೀಸ್ ಗೆಸ್ಟಾಪೊ ಆ ಶಾಲೆ ಮುಚ್ಚಿಸಿತು.

ಮತ್ತೆ ನನಗೆ ಮುಖ್ಯ ಕಾಣುವುದು ಶಿಲೋವಿನ ಯಾಜಕ ಏಲಿ. ಅವನ ಹತ್ತಿರ ಬೆಳೆಯುತ್ತಿದ್ದ ಹುಡುಗ ಸಮುವೇಲನಿಗೆ ರಾತ್ರಿ ಕರೆಯುವವರು ಯಾರೆಂದು ತಿಳಿಯಲಿಲ್ಲ, ಮೂರು ಸಲ ಏಲಿಯ ಹತ್ತಿರ ಓಡಿದ. ಏಲಿ ‘ದೇವರು ನಿನಗೆ ಹೀಗೆ ಹೇಳುತ್ತಿದ್ದಾರೆ’ ಎನ್ನಲಿಲ್ಲ. ಹೋಗಿ ಮಲಗು, ಮತ್ತೆ ಕರೆದರೆ ನಿನ್ನ ದಾಸನು ಕೇಳುತ್ತಾನೆ ಅನ್ನು ಎಂದ. ಕೇಳುವ ಬಗೆ ಕಲಿಸಿ, ಕೇಳುವುದನ್ನು ಹುಡುಗನಿಗೇ ಬಿಟ್ಟ. ರಾತ್ರಿ ಬಂದ ಮಾತು ತನ್ನ ಮನೆತನದ ನ್ಯಾಯತೀರ್ಪೇ ಆಗಿದ್ದರೂ, ಬೆಳಿಗ್ಗೆ ಅವನನ್ನು ಕರೆದು ಮುಚ್ಚಿಡಬೇಡ ಎಂದ. ಹಿರಿಯರ ಕೆಲಸ ಅಷ್ಟೇ. ಆ ಹೆಂಗಸು ಗೆರೆ ದಾಟಿದ್ದು ಅಲ್ಲಿ.

ಉಪ್ಪಳದ ವಿಶ್ವಾಸಿ:
ಏಲಿಯ ಮಾತು ಒಪ್ಪಿದೆ. ಪ್ರವಾದನೆ ಬಂದಾಗ ಉಳಿದವರು ವಿವೇಚಿಸಲಿ ಅಂತ 1 ಕೊರಿಂಥ 14ರಲ್ಲೂ ಇದೆ. ನಮ್ಮ ಕೂಟಗಳಲ್ಲಿ ಅದು ನಡೆಯುವುದಿಲ್ಲ, ನಡೆಯಬೇಕು. ಆದರೆ ಆ ಅಕ್ಕನನ್ನು ಸುಳ್ಳುಗಾರ್ತಿ ಮಾಡಬೇಡಿ.

ಬೇಳದ ತಂಗಿ:
ಅಣ್ಣ ಕಳುಹಿಸಿದ, ಎಲ್ಲವನ್ನೂ ಓದಿದೆ. ಆ ಅಕ್ಕನ ಮೇಲೆ ನನಗೆ ಕೋಪ ಇಲ್ಲ. ಭಾನುವಾರ ಪೂಜೆ ಆದ ಮೇಲೆ ಅವರನ್ನೇ ಕಂಡು, ನಿಮಗೆ ಕೇಳಿಸಿದ್ದು ಎಷ್ಟು, ನನ್ನ ಬಗ್ಗೆ ಭಯವಾದದ್ದು ಎಷ್ಟು ಅಂತ ಕೇಳುತ್ತೇನೆ. ಉತ್ತರ ಕೊಡಲು ತಿಂಗಳ ಕೊನೆಯ ತನಕ ಸಮಯ ಉಂಟು. ಅಷ್ಟರ ತನಕ ಬೆಳಿಗ್ಗೆ ಯೋಹಾನ 10 ಹಿಡಿದು ಕೂರುತ್ತೇನೆ. ನಿನ್ನೆ ಕೂತಾಗ ಕುವೈತು ಬರಲೇ ಇಲ್ಲ, ಅಮ್ಮನ ಮಂಡಿನೋವು ಬಂತು. ಅಣ್ಣ, ನಾನು ಹೋದರೆ ನೀನು ಬೇಳದಿಂದ ಮಂಗಳೂರಿಗೆ ದಿನಾ ಹೋಗಿ ಬರಲು ಆಗುತ್ತದಾ? ಇದಕ್ಕೆ ಇಲ್ಲಿ ಬೇಡ, ಫೋನ್ ಮಾಡು.