ಪದಚರ್ಚೆ: ನೀರು ಕುಡಿದ ಮರ, ಕಚ್ಚಿಕೊಂಡ ಎಂಜಿನ್, ಏಳದ ದೋಣಿ

ಎಲ್ಲರಿಗೂ ನಮಸ್ಕಾರ.

ಗೆಳೆಯನೊಬ್ಬ 1980ರ ದಶಕದ ವೇಗದ ದೋಣಿಯೊಂದನ್ನು ಬಿಚ್ಚಿ ಮತ್ತೆ ಕಟ್ಟುತ್ತಿದ್ದಾನೆ. 27 ಅಡಿ ಉದ್ದ, ಫೈಬರ್‌ಗ್ಲಾಸ್ ಮೈ, ಹಿಂಭಾಗದಲ್ಲಿ ಜೋಡಿ ವಿ-8 ಪೆಟ್ರೋಲ್ ಎಂಜಿನ್. ಸ್ಪ್ಯಾನರ್ ಅವನ ಕೈಯಲ್ಲಿ, ಪೆನ್ನು ನನ್ನ ಕೈಯಲ್ಲಿ. ಅಂದಂದಿನ ಕೆಲಸವನ್ನು ಕನ್ನಡದಲ್ಲಿ ಬರೆದಿಡುವುದು ನನ್ನ ಪಾಲು. ಬಿಡಿಭಾಗಗಳ ಹೆಸರಿನ ಬಗ್ಗೆ ನನಗೆ ತಲೆನೋವಿಲ್ಲ. ಪಿಸ್ಟನ್ನನ್ನು ‘ಆಡುಬೆಣೆ’ ಮಾಡಲೇಬೇಕೆಂಬ ಹಟವಿಲ್ಲ, ಪಿಸ್ಟನ್ ಪಿಸ್ಟನ್ನೇ ಆಗಿರಲಿ. ನಾನು ಎಡವುತ್ತಿರುವುದು ವಸ್ತುಗಳು ಹಾಳಾಗುವ ಬಗೆಯನ್ನು ಹೇಳುವ ಕಡೆ. ಏನು ಹಾಳಾಗಿದೆ ಎಂದು ಬರೆಯುವುದು ಸುಲಭ. ಹೇಗೆ ಹಾಳಾಗಿದೆ ಎನ್ನುವಾಗ ಒಂದೊಂದು ವಸ್ತುವಿಗೆ ಒಂದೊಂದು ಮಾತು ಬೇಕು.

ಮೊದಲು ಮರ. ಮೈಯೆಲ್ಲ ಫೈಬರ್ ಎಂದಮೇಲೆ ಮರ ಎಲ್ಲಿಂದ ಬಂತು ಎಂದು ಕೇಳಬಹುದು. ಆ ಕಾಲದ ಬಹಳಷ್ಟು ದೋಣಿಗಳಲ್ಲಿ ತಳದ ಉದ್ದಕ್ಕೂ ಓಡುವ ತೊಲೆಗಳು ಮರದವು, ಹಿಂಬದಿಯ ಗೋಡೆ ಪ್ಲೈವುಡ್ಡಿನದು. ಅವಕ್ಕೆ ಮೇಲಿಂದ ಫೈಬರ್ ಹೊದಿಸಿರುತ್ತಾರೆ. ಎಂಜಿನ್ನಿನ ಭಾರ ಕೂರುವುದು ಆ ತೊಲೆಗಳ ಮೇಲೆ. ಯಾರೋ ಮುಂದೆಂದೋ ಏಣಿ ಜೋಡಿಸಲೆಂದು ಗೋಡೆಗೆ ನಾಲ್ಕು ತೂತು ಕೊರೆದು, ನೀರು ಒಳಹೋಗದಂತೆ ತಡೆಯುವ ಸೀಲಂಟ್ ಹಾಕದೆ ಸ್ಕ್ರೂ ಬಿಗಿದಿರುತ್ತಾರೆ. ಅಷ್ಟು ಸಾಕು. ಒಳಹೊಕ್ಕ ನೀರಿಗೆ ಹೊರಬರುವ ದಾರಿಯಿಲ್ಲ. ತೇವ ಶೇ 20ರ ಒಳಗಿದ್ದ ಮರವನ್ನು ಶಿಲೀಂಧ್ರ ಮುಟ್ಟುವುದಿಲ್ಲ, ಆದರೆ ಫೈಬರ್ ಚೀಲದೊಳಗೆ ಸಿಕ್ಕಿಬಿದ್ದ ಮರ ಒಣಗುವುದಾದರೂ ಹೇಗೆ?

ಗೆಳೆಯ ಪ್ಲಾಸ್ಟಿಕ್ ಸುತ್ತಿಗೆ ಹಿಡಿದು ಆ ಗೋಡೆಯ ಮೇಲೆ ಗೇಣು ಗೇಣಿಗೆ ತಟ್ಟುತ್ತ ಹೋದ. ಗಟ್ಟಿ ಇದ್ದ ಕಡೆ ‘ಟಕ್’ ಎಂದು ಸುತ್ತಿಗೆ ಪುಟಿಯುತ್ತಿತ್ತು. ಕೆಳಗಿನ ಮೂಲೆಗೆ ಬಂದಾಗ ಬರೀ ‘ದಬ್’, ಹಾಸಿಗೆಗೆ ಗುದ್ದಿದ ಹಾಗೆ. ಅಲ್ಲಿ ಸಣ್ಣದೊಂದು ತೂತು ಕೊರೆದ. ಡ್ರಿಲ್ ಬಿಟ್ಟಿಗೆ ಸುರುಳಿ ಹೊಟ್ಟಿನ ಬದಲು ಕಪ್ಪು ಕೆಸರು ಅಂಟಿಕೊಂಡು ಬಂತು. ಹಿಂದೆಯೇ ಕಂದು ನೀರು ತೊಟ್ಟಿಕ್ಕತೊಡಗಿತು, ಒಂದು ರಾತ್ರಿಯೆಲ್ಲ ನಿಲ್ಲಲಿಲ್ಲ. ಬೆರಳಲ್ಲಿ ಹಿಸುಕಿದರೆ ಆ ಮರ ನೆನೆದ ರಟ್ಟಿನಂತೆ ಪದರ ಪದರವಾಗಿ ಬಿಚ್ಚಿಕೊಳ್ಳುತ್ತಿತ್ತು.

ಇದಕ್ಕೆ ‘ಕೊಳೆತ ಮರ’ ಎಂದರೆ ತಪ್ಪೇನಿಲ್ಲ, ಆದರೆ ಅದು ಹಣ್ಣಿಗೂ ಎಲೆಗೂ ಹೊಂದುವ ಮಾತು. ಮರಕ್ಕೆಂದೇ ನಮ್ಮಲ್ಲಿ ‘ಲಡ್ಡು ಹಿಡಿದಿದೆ’ ಎನ್ನುವುದುಂಟು, ಮಲೆನಾಡು ಕರಾವಳಿಯ ಕಡೆಯವರಲ್ಲಿ ‘ಕುಂಬಾಗಿದೆ’ ಎನ್ನುವುದುಂಟು. ನನ್ನ ಕಿವಿಗೆ ಇವೆರಡೂ ಒಂದೇ ಅಲ್ಲ. ಲಡ್ಡು ಎಂದಾಗ ಒಣಗಿ, ಹಗುರಾಗಿ, ಮುಟ್ಟಿದರೆ ಪುಡಿಯಾಗುವ ಮರ ಕಣ್ಣಿಗೆ ಬರುತ್ತದೆ. ಕುಂಬು ಎಂದಾಗ ನೀರುಂಡು ಮೆತ್ತಗಾದ ಮರ. ಈ ವ್ಯತ್ಯಾಸ ನಿಜಕ್ಕೂ ಬಳಕೆಯಲ್ಲಿದೆಯೇ, ಇಲ್ಲ ನಾನು ಕೇಳಿದ ಒಂದೆರಡು ಬಾಯಿಗಳ ಗುಣವೇ? ಎರಡೂ ಮಾತು ಆಡುವ ಮನೆಯವರು ಯಾರಾದರೂ ಇದ್ದರೆ ಹೇಳಿ. ದೋಣಿಯವರು ಎಲ್ಲದಕ್ಕೂ ‘ಡ್ರೈ ರಾಟ್’ ಎಂದುಬಿಡುತ್ತಾರೆ. ಒದ್ದೆಯಾಗದೆ ಮರ ಕೊಳೆಯುವುದೇ ಇಲ್ಲವಾದ್ದರಿಂದ ಇಂಗ್ಲಿಷಿನಲ್ಲೇ ಅದು ದಾರಿ ತಪ್ಪಿಸುವ ಹೆಸರು. ಅದನ್ನು ನಾವು ‘ಒಣ ಕೊಳೆತ’ ಎಂದು ಕನ್ನಡಕ್ಕೆ ತಂದು ತಪ್ಪನ್ನು ಇನ್ನೊಮ್ಮೆ ಮಾಡುವುದು ಬೇಡ ಅನಿಸುತ್ತದೆ.

ಎರಡನೆಯದು ಎಂಜಿನ್. ಎಡಗಡೆಯದು ಕೈಯಲ್ಲೇ ತಿರುಗಿತು. ಬಲಗಡೆಯದು ಜಪ್ಪಯ್ಯ ಎಂದರೂ ಅಲುಗಲಿಲ್ಲ. ‘ಎಂಜಿನ್ ಜಾಮ್’ ಎಂದು ಬರೆದೆ. ಗೆಳೆಯ ಓದಿ, ‘ಯಾವ ಜಾಮು?’ ಎಂದ. ಅವನ ಪ್ರಕಾರ ಮೂರು ಇವೆ. ಆಯಿಲ್ ಇಲ್ಲದೆ ಓಡಿ, ಕಾದು, ಲೋಹಕ್ಕೆ ಲೋಹ ಬೆಸೆದಂತಾಗಿ ನಿಂತರೆ ಅದು ‘ಸೀಜ್’. ಸಿಲಿಂಡರಿನಲ್ಲಿ ನೀರು ತುಂಬಿ ಪಿಸ್ಟನ್ ಮೇಲೇಳಲು ಜಾಗವಿಲ್ಲದೆ ನಿಂತರೆ ಅದು ಬೇರೆ, ಏಕೆಂದರೆ ಗಾಳಿ ಒತ್ತಿದರೆ ಕುಗ್ಗುತ್ತದೆ, ನೀರು ಕುಗ್ಗುವುದಿಲ್ಲ. ವರ್ಷಗಟ್ಟಲೆ ಸುಮ್ಮನೆ ನಿಂತು ಪಿಸ್ಟನ್ ರಿಂಗು ತುಕ್ಕಿನಿಂದ ಗೋಡೆಗೆ ಅಂಟಿಕೊಂಡರೆ ಅದು ಮೂರನೆಯದು. ಎರಡನೆಯದೋ ಮೂರನೆಯದೋ ಎಂದು ತಿಳಿಯಲು ಸ್ಪಾರ್ಕ್ ಪ್ಲಗ್ಗುಗಳನ್ನೆಲ್ಲ ಬಿಚ್ಚಿ ತಿರುಗಿಸಿ ನೋಡಬೇಕು. ನೀರು ಚಿಮ್ಮಿ ಎಂಜಿನ್ ತಿರುಗಿದರೆ ಬಚಾವ್. ನಮ್ಮದರಲ್ಲಿ ಒಂದು ಪ್ಲಗ್ಗಿನ ತುದಿಯಲ್ಲಿ ಇಟ್ಟಿಗೆ ಬಣ್ಣದ ಪುಡಿಯಿತ್ತು, ಎಂಜಿನ್ ಮಿಸುಕಲಿಲ್ಲ.

ಆ ನೀರಿನ ದಾರಿಯನ್ನೂ ಹೇಳಿಬಿಡುತ್ತೇನೆ. ಇಂಥ ದೋಣಿಗಳಲ್ಲಿ ಹೊಗೆ ಹೋಗುವ ಎರಕದ ಕಬ್ಬಿಣದ ಕೊಳವೆಗೆ ಎರಡು ಪದರ: ಒಳಗೆ ಬಿಸಿ ಹೊಗೆ, ಸುತ್ತ ತಣ್ಣಗಿಡುವ ನೀರು. ನಡುವಿನ ಗೋಡೆ ಒಳಗಿಂದೊಳಗೇ ತುಕ್ಕು ತಿಂದು ತೂತಾದರೆ ನೀರು ಹಿಮ್ಮುಖವಾಗಿ ಸಿಲಿಂಡರಿಗೆ ಇಳಿಯುತ್ತದೆ. ಹೊರಗಡೆ ಬಣ್ಣ ಫಳಫಳ ಹೊಳೆಯುತ್ತಲೇ ಇರುತ್ತದೆ.

ನಾನು ಈಗ ಇಟ್ಟುಕೊಂಡಿರುವುದು ಹೀಗೆ: ಮೊದಲನೆಯದಕ್ಕೆ ‘ಸೀಜ್’, ಎರಡನೆಯದಕ್ಕೆ ‘ನೀರು ಕುಡಿದಿದೆ’, ಮೂರನೆಯದಕ್ಕೆ ‘ಕಚ್ಚಿಕೊಂಡಿದೆ’. ತುಕ್ಕು ಹಿಡಿದ ನಟ್ಟಿಗೆ ‘ಕಚ್ಚಿಕೊಂಡಿದೆ’ ಎಂದು ಎಲ್ಲ ಮೆಕ್ಯಾನಿಕ್ಕರೂ ಹೇಳುತ್ತಾರೆ, ಪಿಸ್ಟನ್ನಿಗೂ ಅದೇ ಸಲ್ಲಬೇಕಲ್ಲ? ಗ್ಯಾರೇಜಿನ ಮಾತು ಬಲ್ಲವರು ತಿದ್ದಿ.

ಮೂರನೆಯದು ಅಲ್ಯೂಮಿನಿಯಂ, ಇಲ್ಲಿ ಪೂರ್ತಿ ಸೋತಿದ್ದೇನೆ. ಕಬ್ಬಿಣಕ್ಕೆ ತುಕ್ಕು, ತಾಮ್ರ ಹಿತ್ತಾಳೆಗೆ ಕಿಲುಬು. ಎಷ್ಟು ಚೊಕ್ಕ ವಿಂಗಡಣೆ! ಎಂಜಿನ್ನಿನ ಶಕ್ತಿಯನ್ನು ಪ್ರೊಪೆಲರಿಗೆ ದಾಟಿಸುವ, ದೋಣಿಯ ಹೊರಗೆ ಇಳಿಬಿದ್ದ ಡ್ರೈವ್ ಅಲ್ಯೂಮಿನಿಯಂನದು. ಪಕ್ಕದಲ್ಲೇ ಸ್ಟೇನ್‌ಲೆಸ್ ಪ್ರೊಪೆಲರ್, ಸುತ್ತ ಉಪ್ಪುನೀರು. ಬೇರೆ ಬೇರೆ ಲೋಹಗಳು ಹೀಗೆ ಒಂದೇ ನೀರಿನಲ್ಲಿ ಸೇರಿದರೆ ಬ್ಯಾಟರಿಯಂತಾಗಿ ಅಲ್ಯೂಮಿನಿಯಂ ಸವೆಯುತ್ತದೆ. ಬಣ್ಣ ಗುಳ್ಳೆಯೆದ್ದು, ಕೆರೆದರೆ ಬಿಳೀ ಪುಡಿ, ಪುಡಿಯ ಕೆಳಗೆ ಕುಳಿ. ಪುಸ್ತಕದ ‘ಸಂಕ್ಷಾರಣ’ ಎಲ್ಲ ಲೋಹಕ್ಕೂ ಒಂದೇ, ಆ ಪುಡಿಯ ಹೆಸರಲ್ಲ. ‘ಉಪ್ಪು ಹಿಡಿದಿದೆ’ ಎಂದವರನ್ನು ಕೇಳಿದ್ದೇನೆ, ಆದರೆ ಅದು ಉಪ್ಪಲ್ಲ, ಲೋಹವೇ ಪುಡಿಯಾಗಿರುವುದು. ‘ಬಿಳಿಗಿಲುಬು’ ಎಂದು ಒಂದು ಕಟ್ಟಿ ನೋಡಿದೆ. ನಾಲಗೆಗೆ ಕೂತಿತು, ಆದರೆ ಹಿರಿಯರು ಒಪ್ಪುತ್ತೀರಾ?

ಇದರ ಜೊತೆಗಾರ ಪದ ಇನ್ನೊಂದಿದೆ. ಈ ಸವೆತವನ್ನು ತಡೆಯಲು ಅಲ್ಯೂಮಿನಿಯಂಗಿಂತ ಬೇಗ ಕರಗುವ ಲೋಹದ ಗಟ್ಟಿಯೊಂದನ್ನು ಡ್ರೈವಿಗೆ ಬಿಗಿಯುತ್ತಾರೆ. ಉಪ್ಪುನೀರಿಗೆ ಸತು, ಸಿಹಿನೀರಿಗೆ ಮೆಗ್ನೀಸಿಯಂ. ‘ತ್ಯಾಗಶೀಲ ಆನೋಡ್’ ಎಂದು ಬರೆದು ನಾನೇ ನಕ್ಕೆ. ‘ಬಲಿಗಟ್ಟಿ’ ಎಂದರೆ ಹೇಗೆ?

‘ರೆಸ್ಟೊರೇಷನ್’ಗೆ ಏನು ಎಂದು ಕೇಳಲೇ ಹೋಗುವುದಿಲ್ಲ. ಜೀರ್ಣೋದ್ಧಾರ ಎಂದರೆ ಗಂಟೆ ಜಾಗಟೆ ಕೇಳಿಸುತ್ತದೆ, ದುರಸ್ತಿ ಎಂದರೆ ಸಾಕು.

ಕೊನೆಯ ಪ್ರಶ್ನೆ ಹಾಳಾಗುವಿಕೆಯದಲ್ಲ, ಓಟದ್ದು. ನಿಧಾನದ ದೋಣಿ ತನ್ನ ತೂಕದಷ್ಟು ನೀರನ್ನು ಪಕ್ಕಕ್ಕೆ ತಳ್ಳುತ್ತ ಹೋಗುತ್ತದೆ. ವೇಗದ ದೋಣಿಗೆ ಎಂಜಿನ್ ಪೂರ್ತಿ ಕೊಟ್ಟರೆ ಮೊದಲು ಮೂತಿ ಮೇಲೇರಿ ಹಿಂಭಾಗ ಕುಸಿಯುತ್ತದೆ, ಆಮೇಲೆ ಮೈ ಸಮಕ್ಕೆ ಬಂದು ನೀರಿನ ಮೇಲ್ಮೈ ಮೇಲೆಯೇ ಓಡತೊಡಗುತ್ತದೆ. ಇದು ‘ಪ್ಲೇನಿಂಗ್’. ತೇಲುವುದು ಎನ್ನುವಂತಿಲ್ಲ, ನಿಂತ ದೋಣಿಯೂ ತೇಲುತ್ತದೆ. ಜಾರುವುದು ಎಂದರೆ ಬಿದ್ದ ಹಾಗಾಯಿತು. ಬಡಗಿಯ ಹತ್ತರಿಗೂ ಇಂಗ್ಲಿಷಿನಲ್ಲಿ ಅದೇ ಹೆಸರು, ಅದರಿಂದಲೂ ಏನೂ ಹುಟ್ಟಲಿಲ್ಲ.

ಗೆಳೆಯನ ದೋಣಿಯ ತಳ ಆಳವಾದ ‘ವಿ’ ಆಕಾರದ್ದು, ಹಿಂಬದಿಯಲ್ಲೂ ಸುಮಾರು 24 ಡಿಗ್ರಿ ಇಳಿಜಾರು. 1960ರ ಮಯಾಮಿ–ನಸ್ಸಾವ್ ದೋಣಿ ಪಂದ್ಯವನ್ನು ವಿನ್ಯಾಸಕ ರೇ ಹಂಟ್ ರೂಪಿಸಿದ ‘ಮಾಪಿ’ ಎಂಬ ದೋಣಿ ಗೆದ್ದಮೇಲೆ ಹೆಸರಾದ ವಿನ್ಯಾಸ ಅದು. ಅಲೆಯನ್ನು ಸೀಳಿ ಹೋಗುತ್ತದೆ, ಆದರೆ ಚಪ್ಪಟೆ ತಳದ್ದಕ್ಕಿಂತ ಹೆಚ್ಚು ಶಕ್ತಿ ಕೇಳುತ್ತದೆ. ಇದನ್ನೆಲ್ಲ ನನಗೆ ವಿವರಿಸುವಾಗ ಗೆಳೆಯ ಆಡಿದ್ದು ಒಂದೇ ಕ್ರಿಯಾಪದ: ‘ಹಿಂದಿನ ಯಜಮಾನ್ರು ಎರಡು ಸಲ ಪ್ರೊಪೆಲರ್ ಬದಲಾಯಿಸಿದ್ರಂತೆ, ಆದ್ರೂ ದೋಣಿ ಏಳ್ಲಿಲ್ಲವಂತೆ. ಮರ ಅಷ್ಟೊಂದು ನೀರು ಕುಡಿದು ಕೂತಿದ್ರೆ ಹೆಂಗೆ ಏಳತ್ತೆ?’

‘ಏಳು’. ಇದಕ್ಕಿಂತ ಒಳ್ಳೆಯದು ಯಾರ ಬಳಿಯಾದರೂ ಇದೆಯೇ?